ಹೆದರದ ಹಕ್ಕಿ

ಸಮುದ್ರದ ಇಳಿತದ ಕೆಸರಿನಲ್ಲಿ ಹಕ್ಕಿ ಅರ್ಧ ಬೆನ್ನು ತಿರುಗಿಸಿ ನಿಂತಿತ್ತು. ಪೇಟೆಯಿಂದ ಬಂದ ಕ್ಯಾಮೆರಾದವರೊಬ್ಬರು ಮೊಣಕಾಲೂರಿ ತೆವಳುತ್ತ ಹತ್ತಿರ ಹೋದರೂ ಅದು ಹಾರಲಿಲ್ಲ. ನಿಂತಲ್ಲೇ ಕೂಗುತ್ತಲೇ ಇತ್ತು.

“ಇದು ಕರ್ಲ್ಯೂ. ಚಳಿಗಾಲ ಕಳೆಯೋಕೆ ಸಾವಿರಾರು ಮೈಲಿ ಹಾರಿ ಬರುತ್ತೆ,” ಎಂದು ಅವರು ಪಕ್ಕದಲ್ಲೇ ಉಪ್ಪುನೀರಿನ ಕಾಂಡ್ಲಾ ಗಿಡದ ಮರೆಯಲ್ಲಿ ಕೂತಿದ್ದ ಊರವನಿಗೆ ಪಿಸುಗುಟ್ಟಿದರು. “ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕು ನೋಡಿ. ತಲೆ ಮೇಲೆ ಪಟ್ಟೆ ಇದ್ದಿದ್ರೆ ಇದರ ಸಣ್ಣ ಜಾತಿ ಅನ್ನಬಹುದಿತ್ತು. ಪಟ್ಟೆ ಇಲ್ಲ, ಇದು ದೊಡ್ಡದೇ.”

“ದೊಡ್ಡದಂತೂ ಹೌದು.”

“ಬಲು ಪುಕ್ಕಲು ಹಕ್ಕಿ. ಇಷ್ಟು ವರ್ಷದಲ್ಲಿ ಒಂದೂ ನನ್ನನ್ನ ಹತ್ತಿರ ಬಿಟ್ಟುಕೊಂಡಿಲ್ಲ. ಇದು ನಂಬಿದೆ.” ಅವರು ಕ್ಯಾಮೆರಾ ಕಣ್ಣಿಗೆ ಹಿಡಿದರು. “ಒಮ್ಮೆ ಈಚೆ ನೋಡಿದ್ರೆ ಸಾಕು, ಒಂದು ಫೋಟೋ.”

ಕೂಗು ಕೇಳಿ ಆಕಾಶದಿಂದ ಒಂದು ಹಿಂಡು ಇಳಿಯತೊಡಗಿತು. ಊರವನು ಕೆಸರಿನಲ್ಲಿ ಹುದುಗಿದ್ದ ಬಲೆಯ ಹಗ್ಗವನ್ನು ನಿಧಾನವಾಗಿ ಕೈಗೆ ಸುತ್ತಿಕೊಂಡ.

“ಸ್ವಲ್ಪ ತಗ್ಗಿ ಕೂತ್ಕೊಳ್ಳಿ ಮಾರಾಯ್ರೆ, ಉಳಿದದ್ದೂ ಇಳೀಲಿ. ಅದು ಈಚೆ ತಿರುಗಿದ್ರೂ ನಿಮ್ಮನ್ನು ನೋಡೂದಿಲ್ಲ. ಅದರ ರೆಪ್ಪೆ ಹೊಲಿದದ್ದು ನಾನೇ.”