ಮೊದಲು ಕಾಲು, ಆಮೇಲೆ ನಮಸ್ಕಾರ

ಮನೆಗಳೆಲ್ಲ ಬಲೂನುಗಳಿಗೆ ಜೋತುಬಿದ್ದು ಆಕಾಶಕ್ಕೇರಿ ನಲವತ್ತು ವರ್ಷವಾಗಿದೆ. ಕಾಲೇಜು ಮಾತ್ರ ನೆಲದ ಮೇಲೇ ಉಳಿದಿದೆ. ಹಾಗಾಗಿ ಮೊದಲ ವರ್ಷದವರು ಪ್ಯಾರಾಚೂಟ್ ಕಟ್ಟಿಕೊಂಡು ಧಾರವಾಡದ ಮೈದಾನಕ್ಕೆ ಜಿಗಿಯುತ್ತಾರೆ.

ಅಲ್ಲೇ ಟೆಂಟು ಹಾಕಿಕೊಂಡಿರುವ ನರ್ಸ್ ಗಂಗಾಬಾಯಿಗೆ ಕಾಲು ಮುರಿದವರು ಸಿಗುವುದು ಅಪರೂಪ. ಮುರಿಯುವುದು ಬಲಗೈಯ ಮಣಿಕಟ್ಟು. ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ತುಳಿಯಬಾರದೆಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ಮಕ್ಕಳು ಕಾಲೂರುವ ಮೊದಲೇ ಕೈ ಚಾಚುತ್ತಾರೆ. 'ಮೊದಲು ಕಾಲು, ಆಮೇಲೆ ನಮಸ್ಕಾರ' ಎಂದು ಅವಳೇ ಬರೆಸಿದ ಬೋರ್ಡನ್ನು ಯಾರೂ ಓದುವುದಿಲ್ಲ.

ಇಂದು ಬಂದ ನೀಲಾಂಬಿಕೆಯ ಎರಡೂ ಮಣಿಕಟ್ಟು ಮುರಿದಿದ್ದವು.

“ಯಾಕವ್ವಾ, ಎರಡೂ ಕೈ ಚಾಚಿದಿ?” ಪಟ್ಟಿ ಸುತ್ತುತ್ತ ಗಂಗಾಬಾಯಿ ಗದರಿದಳು.

“ಒಂದು ನಂದು, ಒಂದು ನಮ್ಮಜ್ಜೀದುರಿ. ಆಕಿಗೆ ಇನ್ನ ಇಳಿಯಾಕ ಆಗೂದಿಲ್ಲ. ನನ್ನ ಸಲುವಾಗೂ ಮುಟ್ಟು ಅಂದಾಳ್ರಿ.”

“ಮುಟ್ಟಿದಿ. ಮುಗೀತಲ್ಲ.”

“ಇಲ್ರಿ, ಕಣ್ಣಿಗೆ ಒತ್ತಿಕೊಳ್ಳೂದು ಉಳೀತು. ಕೈ ಎತ್ತಾಕ ಬರವಲ್ದು.”

ಗಂಗಾಬಾಯಿ ಟೆಂಟಿನ ಹೊರಗೆ ಹೋಗಿ, ಬಗ್ಗಿ ನೆಲ ಮುಟ್ಟಿ ಬಂದು, ಹುಡುಗಿಯ ಕಣ್ಣುಗಳಿಗೆ ಬೆರಳೊತ್ತಿದಳು. ಮತ್ತೆ ಹೊರಗೆ ಹೋಗಿ ಬಂದಳು.

“ಕಣ್ಣು ಮುಚ್ಚು,” ಎಂದಳು. “ಇದು ಅಜ್ಜೀದು.”