ಹಳದಿಯಲ್ಲಿ ನಿಂತವಳು

ಹಳದಿ ದೀಪದ ಮುಂದೆ ಒಂದೇ ಒಂದು ಸ್ಕೂಟರ್ ನಿಂತುಬಿಟ್ಟಿತ್ತು. ಅದರ ಹಿಂದೆ ಅರ್ಧ ಊರು ನಿಂತಿತ್ತು. ಒಂದು ಪಕ್ಕ ಅಗೆದ ಚರಂಡಿ, ಇನ್ನೊಂದು ಪಕ್ಕ ಗೋಡೆ, ನುಸುಳಿ ಹೋಗಲು ಬೆಕ್ಕಿಗೂ ಜಾಗವಿಲ್ಲ. ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಕ್ಯಾಮೆರಾದ ಪರದೆ ನೋಡುತ್ತಿದ್ದ, ಹದ್ದು ಎಂಬ ಅಡ್ಡಹೆಸರಿನವನು, ಸ್ಕೂಟರಿನ ನಂಬರ್ ಓದಿದವನೇ ಎದ್ದು ನಿಂತ. ಅದು ಅವನ ಹೆಂಡತಿಯ ಸ್ಕೂಟರ್.

ಸಿಗ್ನಲ್ ಕ್ಯಾಮೆರಾದ ಫೋಟೊ ನೋಡಿ ತಪ್ಪು ಹಿಡಿಯುವುದು ಅವನ ಕೆಲಸ. ಕಣ್ಣು ಅಷ್ಟು ಚುರುಕಾದ್ದರಿಂದ ಆಫೀಸಿನಲ್ಲಿ ಎಲ್ಲರಿಗೂ ಅವನು ಹದ್ದು. ಕ್ಯಾಮೆರಾ, ದೀಪ ಎರಡರ ಉಸ್ತುವಾರಿಯೂ ಅವನ ಕಂಪನಿಯದೇ. ದಂಡದಲ್ಲಿ ಕಂಪನಿಗೆ ಪಾಲು ಸಿಗುತ್ತಿದ್ದ ಕಾಲದಲ್ಲಿ ಹಳದಿ ದೀಪ ಒಂದು ಸೀನು ಸೀನಿ ಮುಗಿಸುವುದರೊಳಗೆ ಕೆಂಪಾಗುತ್ತಿತ್ತು. ನಿಲ್ಲುವ ಗೆರೆಯ ಮೇಲೆ ಟೈರಿನ ನೆರಳು ಬಿದ್ದರೂ ಹದ್ದು ದಂಡದ ಬಟನ್ ಒತ್ತುತ್ತಿದ್ದ. ಆ ಪಾಲನ್ನು ಸರ್ಕಾರ ಮೊನ್ನೆ ನಿಷೇಧಿಸಿತು. ಇನ್ನು ಮೇಲೆ ದಂಡವೆಲ್ಲ ಬೊಕ್ಕಸಕ್ಕೆ, ಖಾಸಗಿ ಕಂಪನಿಗೆ ಬರೀ ತಿಂಗಳ ಬಾಡಿಗೆ. ನೋಟಿಸು ಅಚ್ಚು ಹಾಕಿಸಿ ಅಂಚೆಗೆ ಹಾಕುವ ಖರ್ಚು ಮಾತ್ರ ಹಿಂದಿನಂತೆ ಕಂಪನಿಯ ತಲೆಗೇ. ಮ್ಯಾನೇಜರ್ ಬಹಳ ತಲೆ ಓಡಿಸಿ, ಇಂದು ಬೆಳಗ್ಗೆ ಊರಿನ ಎಲ್ಲ ದೀಪಗಳನ್ನೂ ಹಳದಿಯಲ್ಲೇ ನಿಲ್ಲಿಸಿ, ನಿರಾಳವಾಗಿ ಚಹಾ ಕುಡಿಯುತ್ತಿದ್ದ.

"ಸಾರ್, ಈ ಚೌಕದಲ್ಲಿ ಒಂದೇ ಒಂದ್ಸಲ ಹಸಿರು ಕೊಡಿ ಸಾರ್," ಎಂದ ಹದ್ದು.

"ಹಸಿರು ಬಂದ್ರೆ ಆಮೇಲೆ ಕೆಂಪು ಬರ್ಲೇಬೇಕಲ್ಲಯ್ಯಾ," ಎಂದ ಮ್ಯಾನೇಜರ್. "ಕೆಂಪು ಬಂದ್ರೆ ಯಾವನಾದ್ರೂ ನುಗ್ತಾನೆ. ನುಗ್ಗಿದ್ರೆ ಫೋಟೊ, ಫೋಟೊ ಅಂದ್ರೆ ನೋಟಿಸು. ಅಂಚೆ ಖರ್ಚು ನಿಮ್ಮಪ್ಪ ಕೊಡ್ತಾನಾ? ಹಳದಿ ನೋಡು, ಎಷ್ಟು ಸಾಧು! ಯಾರಿಗೂ ತಪ್ಪು ಮಾಡೋಕ್ಕೇ ಆಗಲ್ಲ."

"ಉಳಿದೋರೆಲ್ಲ ಹೋಗ್ತಾ ಇದ್ರು ಸಾರ್. ಈಗ ಅಡ್ಡ ನಿಂತಿರೋದು ನನ್ನ ಹೆಂಡ್ತಿ."

"ಹಂಗಾದ್ರೆ ಅದು ನಿಮ್ಮ ಮನೆ ವಿಷಯ," ಎಂದು ಮ್ಯಾನೇಜರ್ ಲೋಟ ಎತ್ತಿದ.

ಮನೆ ವಿಷಯವೇ ಹೌದು. ಗಂಡ ಯಾವ ಕ್ಯಾಮೆರಾ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ಹೊಲಿಗೆ ಅಂಗಡಿಗೆ ಹೊರಟಿದ್ದವಳು ಒಂದು ದಿನ ಇದೇ ದೀಪದಡಿ ಹಳದಿ ಕಂಡು ನಿಲ್ಲಿಸುತ್ತ ಹೆಲ್ಮೆಟ್ಟಿನ ಗಾಜು ಎತ್ತಿ, ಕಂಬದ ಮೇಲಿನ ಕ್ಯಾಮೆರಾಕ್ಕೆ ನಗುತ್ತ ಕೈ ಬೀಸಿದ್ದಳು. ಬೀಸುವ ಭರದಲ್ಲಿ ಸ್ಕೂಟರ್ ಗೆರೆ ದಾಟಿ ಗೇಣಷ್ಟು ಮುಂದೆ ಸರಿದಿತ್ತು. ನಗುಮುಖದ ಫೋಟೊ ಸಮೇತ ನೋಟಿಸು ಮನೆಗೆ ಬಂತು. "ಅಷ್ಟು ಫೋಟೊದಲ್ಲಿ ಮುಖ ಯಾರು ನೋಡ್ತಾರೆ? ಬರೀ ಗೆರೆ ನೋಡೋದು," ಎಂದು ಹದ್ದು ಜಾರಿಕೊಂಡಿದ್ದ. ಅವಳು ದಂಡ ಕಟ್ಟಿದಳು. ಅಂದಿನಿಂದ ಇಬ್ಬರ ನಡುವೆ ಊಟ, ಗ್ಯಾಸ್, ಬೀಗದ ಕೈ ಬಿಟ್ಟರೆ ಬೇರೆ ಮಾತಿಲ್ಲ. ಒಂದೇ ಮಂಚದಲ್ಲಿ ಮಲಗಿಯೂ ಅವನು ಒಂಟಿಯಾಗಿಬಿಟ್ಟಿದ್ದ.

ಅವನು ಏದುಸಿರು ಬಿಡುತ್ತ ಚೌಕಕ್ಕೆ ಬಂದಾಗ ಹಾರನ್ನುಗಳು ಕಿವಿ ಕಿತ್ತುಹೋಗುವಂತೆ ಅರಚುತ್ತಿದ್ದವು. ಅವಳು ಗೆರೆಗೆ ಗೇಣು ಹಿಂದೆ, ಕಾಲೂರಿ ಕಲ್ಲಿನಂತೆ ಕೂತಿದ್ದಳು.

"ಹೋಗೇ, ಹಳದಿ ಇದ್ರೆ ಹೋಗ್ಬಹುದು."

"ಅವತ್ತೂ ಹಳದೀನೇ ಇತ್ತು. ನಿಲ್ಲಿಸೋ ಅಷ್ಟರಲ್ಲಿ ಕೆಂಪಾಯ್ತು."

"ಇದು ಕೆಂಪಾಗಲ್ಲ. ಏನು ಮಾಡಿದ್ರೂ ಆಗಲ್ಲ. ಕಂಪನೀನೇ ಹೇಳಿದೆ."

"ಕಂಪನಿ ಮಾತು ಬಿಡಿ. ನೀವು ಹೇಳಿ. ಅವತ್ತು ಬಟನ್ ಒತ್ತೋವಾಗ ಅದು ನಾನು ಅಂತ ಗೊತ್ತಿತ್ತಾ?"

"ಇದೆಲ್ಲಾ ಮನೇಲಿ ಮಾತಾಡೋಣ ಕಣೇ."

"ಮನೇಲಿ ಸುಳ್ಳು ಹೇಳ್ತೀರಿ. ಇಲ್ಲೇ ಹೇಳಿ, ಸಾಕ್ಷಿಗೆ ಇಷ್ಟು ಜನ ಇದಾರೆ."

ಹಿಂದಿನ ಬಸ್ಸಿನ ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಮುಗಿದ. "ಏನಿದೆಯೋ ಹೇಳಿಬಿಡಿ ಸ್ವಾಮಿ, ನಿಮಗೆ ಪುಣ್ಯ ಬರುತ್ತೆ!"

ಹದ್ದು ಗೆರೆ ನೋಡಿದ, ದೀಪ ನೋಡಿದ, ಕೊನೆಗೆ ಅವಳ ಮುಖ ನೋಡಿದ. ಎಷ್ಟು ದಿನವಾಗಿತ್ತೋ ಹಾಗೆ ನೋಡಿ.

"ಗೊತ್ತಿತ್ತು," ಎಂದ. "ಕೈ ಬೀಸಿದ್ದೂ ನೋಡ್ದೆ. ನಾನೂ ನಕ್ಕೆ ಕಣೇ. ನಗ್ತಾ ನಗ್ತಾನೇ ಒತ್ತಿಬಿಟ್ಟೆ. ಕೈಗೆ ಅಭ್ಯಾಸವಾಗಿಹೋಗಿತ್ತು."

ಹಾರನ್ನುಗಳು ಒಂದೊಂದಾಗಿ ನಿಂತವು. ಅವಳ ಕಣ್ಣು ತುಂಬಿ ಬಂತು. ಅದು ಸಿಟ್ಟೋ ಸಮಾಧಾನವೋ ಅವನಿಗೆ ತಿಳಿಯಲಿಲ್ಲ.

"ನಕ್ಕಿದ್ರಾ?" ಎಂದಳು.

"ನಿನ್ನಾಣೆ."

ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಹಿಂದಿನ ಸೀಟಿನ ಮೇಲಿದ್ದ ಬಟ್ಟೆಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಹತ್ತಿ."

ಹೆಲ್ಮೆಟ್ಟಿಲ್ಲದೆ, ಡ್ಯೂಟಿಯ ಹೊತ್ತಿನಲ್ಲಿ, ಹದ್ದು ಹೆಂಡತಿಯ ಹಿಂದೆ ಹತ್ತಿ ಕುಳಿತ. ಸ್ಕೂಟರ್ ಗೆರೆ ದಾಟಿತು.

"ಈಗ ನೀವು ಬೀಸಿ," ಎಂದಳು ಅವಳು, ತಿರುಗಿ ನೋಡದೆ.

ಅವನು ಕಂಬದತ್ತ ತಿರುಗಿ, ಬಾಯಿತುಂಬ ನಗುತ್ತ, ಎರಡೂ ಕೈ ಎತ್ತಿ ಬೀಸಿದ. ಕ್ಯಾಮೆರಾ ಅದನ್ನು ಚಾಚೂ ತಪ್ಪದೆ ಹಿಡಿದು ಮೂರನೇ ಮಹಡಿಗೆ ಕಳಿಸಿತು. ಅಲ್ಲಿ ಪರದೆಯ ಮುಂದೆ ಅವನ ಕುರ್ಚಿ ಖಾಲಿಯಿತ್ತು.