ಕೊನೆಯ ಹದಿನಾರು ಪುಟ
ಬೀರುವಿನೊಳಗೆ ಯಾರೋ ಕೆಮ್ಮಿದರು ಎಂಬಲ್ಲಿಗೆ ಕಾದಂಬರಿ ನಿಂತುಹೋಗಿತ್ತು. ಬೈಂಡಿಂಗ್ ಅಂಗಡಿಯವನು ಎಂಜಲು ಬೆರಳನ್ನು ಮುಂದಿನ ಪುಟಕ್ಕೆ ಹಾಕಿದರೆ ಪುಟವೇ ಇಲ್ಲ.

ಹರಿದವರನ್ನು ಬೈಯುವ ಹಾಗೂ ಇರಲಿಲ್ಲ. ಬೆಳಿಗ್ಗೆ ಹರಿದವನು ಅವನೇ. "ಯಾವನೋ ಹೆಸರು ದೆಸೆ ಇಲ್ದೋನು ಬರ್ದಿದ್ದು. ಬೀಗ ಹಾಕಿದ ಕೋಣೆ, ತಲೆಕೆಟ್ಟ ಹೆಂಡ್ತಿ, ಬರೀ ಪಿಸುಪಿಸು. ಅಂಟು ಬಳಿಯೋಕೇ ಲಾಯಕ್ಕು" ಎಂದು, ರದ್ದಿಯಲ್ಲಿ ಬಂದ ಆ ಪುಸ್ತಕದ ಕೊನೆಯ ಹದಿನಾರು ಪುಟ ಕಿತ್ತು, ವಕೀಲರೊಬ್ಬರು ಬೈಂಡಿಂಗಿಗೆ ಕೊಟ್ಟಿದ್ದ ದಪ್ಪ ಕಾನೂನು ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಅದರೊಳಗೆ ಮೆತ್ತಿದ್ದ. ಅಂಟು ಒಣಗುವ ತನಕ ಹೊತ್ತು ಹೋಗಲೆಂದು ಉಳಿದದ್ದನ್ನು ಕೈಗೆತ್ತಿಕೊಂಡವನು ಪುಟಪುಟಕ್ಕೂ ಥೂ ಎನ್ನುತ್ತ, ಊಟ ಮರೆತು ಓದಿದ್ದ.

"ಅನ್ನ ಆರಿಹೋಯ್ತು. ಮುಗೀತಾ ನಿಮ್ಮ ಕಸ?" ಪಕ್ಕದಲ್ಲಿ ಹಾಳೆ ಹೊಲಿಯುತ್ತಿದ್ದ ಹೆಂಡತಿ ಕೇಳಿದಳು.

"ಕಸಾನೇ ಕಣೆ. ಇದನ್ನ ಓದೋರಿಗೂ ಬುದ್ಧಿ ಇಲ್ಲ."

ಹಾಗೆನ್ನುತ್ತಲೇ, ಸಂಜೆ ವಕೀಲರಿಗೆ ತಲುಪಬೇಕಿದ್ದ ಚಿನ್ನದಕ್ಷರದ ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅವಳು ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸುವುದನ್ನೇ ಕಾದು, ಅದರ ಬೆನ್ನಿಗೆ ಚೂರಿ ಹಾಕಿದ.